ರೇವಾ ನಂತರದ ಜಪಾನೀ ಯುಗದ ಹೆಸರು ಏನಿರಬಹುದು?

ಪ್ರಶ್ನೆ: 2019ರ ಮೇ 1ರಂದು ಆರಂಭವಾದ ರೇವಾ ಯುಗದ ನಂತರ ಜಪಾನಿನಲ್ಲಿ ಬರಲಿರುವ ಯುಗನಾಮವನ್ನು (ಚಕ್ರವರ್ತಿಯ ಆಳ್ವಿಕೆಯ ಕಾಲಕ್ಕೆ ಇಡುವ ಹೆಸರನ್ನು) ಈಗಲೇ ಊಹಿಸಲು ಏನಾದರೂ ಆಧಾರವಿದೆಯೇ?

ಉತ್ತರ 1: ಯಾವ ಹೆಸರು ಬರಲಾರದು ಎಂಬುದನ್ನಷ್ಟೇ ಊಹಿಸಬಹುದು. ಅರ್ಜಿ ನಮೂನೆಗಳಲ್ಲಿ ಯುಗವನ್ನು ರೋಮನ್ ಲಿಪಿಯ ಮೊದಲ ಅಕ್ಷರದಿಂದಲೂ ಸೂಚಿಸುವುದರಿಂದ, ಇತ್ತೀಚಿನ ಐದು ಯುಗಗಳಾದ ಮೇಜಿ, ತೈಶೋ, ಶೋವಾ, ಹೇಸೇ, ರೇವಾಗಳ ಎಂ, ಟಿ, ಎಸ್, ಎಚ್, ಆರ್ ಅಕ್ಷರಗಳನ್ನು ಬಹುಶಃ ಕೈಬಿಡುತ್ತಾರೆ. ಓದಲು, ಬರೆಯಲು ಸುಲಭವಾದ ಎರಡು ಕಾಂಜಿ (ಚೀನೀ ಮೂಲದ) ಅಕ್ಷರಗಳಿರಬೇಕೆಂಬ ಮಾರ್ಗಸೂಚಿಯೂ ಇದೆ.

ಉತ್ತರ 2: ಶಾಶ್ವತವೆಂಬ ಅರ್ಥದ ‘ಏ’ ಅಕ್ಷರವು 29 ಯುಗನಾಮಗಳಲ್ಲಿ ಬಂದಿರುವುದರಿಂದ ನನ್ನ ಊಹೆ ಅತ್ತ ವಾಲುತ್ತದೆ. ಆದರೆ ರೇವಾದ ‘ರೇ’ ಅದಕ್ಕೂ ಮೊದಲು ಒಮ್ಮೆಯೂ ಬಳಕೆಯಾಗಿರಲಿಲ್ಲ ಎಂಬುದು ಈ ಲೆಕ್ಕಾಚಾರಕ್ಕೆ ತೊಡಕು.

ಉತ್ತರ 3: 1926ರಲ್ಲಿ ಪತ್ರಿಕೆಯೊಂದು ಹೊಸ ಯುಗ ‘ಕೋಬುನ್’ ಎಂದು ಅವಸರದಲ್ಲಿ ಪ್ರಕಟಿಸಿತು, ಘೋಷಣೆಯಾದದ್ದು ಮಾತ್ರ ಶೋವಾ.