ಬಾಡಿಗೆಗೆಂದು ಮೊದಲ ಆಸ್ತಿ: ಬೆಂಗಳೂರಿನ ಫ್ಲ್ಯಾಟೋ, ಮೈಸೂರಿನ ಎರಡು ಪೋರ್ಷನ್ ಮನೆಯೋ?

ಪ್ರಶ್ನೆ (ಮೈಸೂರಿನ ಉಪನ್ಯಾಸಕ)

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ಉಳಿಸಿಟ್ಟಿರುವ 25 ಲಕ್ಷ ರೂಪಾಯಿಗೆ 40 ಲಕ್ಷದ ಗೃಹಸಾಲ ಸೇರಿಸಿ, ಬಾಡಿಗೆಗೆ ಕೊಡುವ ಉದ್ದೇಶದಿಂದಲೇ ಒಂದು ಆಸ್ತಿ ಕೊಳ್ಳಬೇಕೆಂದಿದ್ದೇವೆ. ಕೆಂಗೇರಿಯ ಕಡೆ 60 ಲಕ್ಷದ ಫ್ಲ್ಯಾಟ್ ಒಂದಿದೆ, 18,000 ಬಾಡಿಗೆ ಬರುತ್ತದಂತೆ. ಮೈಸೂರಿನ ಹೊರವಲಯದಲ್ಲಿ ಅದೇ ಬೆಲೆಗೆ ಕೆಳಗೊಂದು ಮೇಲೊಂದು ಮನೆಯಿರುವ ಕಟ್ಟಡವಿದ್ದು, ಎರಡರಲ್ಲೂ ಈಗಾಗಲೇ ಜನರಿದ್ದಾರೆ. ಒಟ್ಟು 20,000 ಎನ್ನುತ್ತಾರೆ. ಬಾಡಿಗೆಯಲ್ಲೇ ಕಂತು ತೀರುತ್ತದೆಂಬ ಬ್ರೋಕರ್ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ 1 (ತೆರಿಗೆ ಸಲಹೆಗಾರ)

ನಂಬುವಂತಿಲ್ಲ ಸರ್. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 40 ಲಕ್ಷ ಪಡೆದರೆ ತಿಂಗಳ ಕಂತು ಸುಮಾರು 34,700 ಆಗುತ್ತದೆ. ಮೊದಲ ವರ್ಷ ಬಡ್ಡಿಯೊಂದೇ 3.3 ಲಕ್ಷ ದಾಟುತ್ತದೆ. ಫ್ಲ್ಯಾಟಿನ ವರ್ಷದ ಬಾಡಿಗೆಯಾದರೋ 2.16 ಲಕ್ಷ. ಅದರಲ್ಲೂ ಮನೆ ಒಂದು ತಿಂಗಳು ಖಾಲಿ ಬಿದ್ದು, ಆಸ್ತಿ ತೆರಿಗೆ ಕಟ್ಟಿ, ಸಣ್ಣಪುಟ್ಟ ರಿಪೇರಿ ಮಾಡಿಸಿದರೆ ಕೈಗುಳಿಯುವುದು ಫ್ಲ್ಯಾಟಿನ ಬೆಲೆಯ ಶೇ 3ರ ಆಸುಪಾಸು. ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಶುಲ್ಕಗಳಿಗೆಂದು ನಾಲ್ಕೂವರೆ ಲಕ್ಷವನ್ನು ಬೇರೆ ತೆಗೆದಿಡಬೇಕು.

ಆದಾಯ ತೆರಿಗೆಯಲ್ಲಿ, ಕಟ್ಟಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದ ಮೇಲೆ ಉಳಿದದ್ದರಲ್ಲಿ ಶೇ 30ನ್ನು ಖರ್ಚಿನ ಲೆಕ್ಕ ಕೇಳದೆಯೇ ಬಿಡುತ್ತಾರೆ, ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಹೀಗೆ ತೋರುವ ನಷ್ಟವನ್ನು 2 ಲಕ್ಷದವರೆಗೆ ಸಂಬಳದಿಂದ ಕಳೆಯುವ ಅವಕಾಶವಿರುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ನೀವು ಹೊಸ ಪದ್ಧತಿಯಲ್ಲಿದ್ದರೆ ಆ ಆಸೆ ಬಿಡಿ.

ಉತ್ತರ 2 (ಬಾಡಿಗೆ ಮನೆಗಳ ಮಾಲೀಕಳು)

ಲೆಕ್ಕ ಸರಿಯಾಗಿದೆ, ಆದರೂ ನನ್ನ ಮತ ಮೈಸೂರಿಗೇ. ಕೆಳಗಿನ ಮನೆ ಖಾಲಿಯಾದರೂ ಮೇಲಿನದರ ಬಾಡಿಗೆ ಬರುತ್ತಿರುತ್ತದೆ, ನಲ್ಲಿ ಸೋರಿದರೆ ಪ್ಲಂಬರನ್ನು ಕರೆದುಕೊಂಡು ನೀವೇ ಹೋಗಬಹುದು. ಬೇರೆ ಊರಿನ ಮನೆಯನ್ನು ಫೋನಿನಲ್ಲೇ ನೋಡಿಕೊಳ್ಳುತ್ತೇನೆನ್ನುವವರ ಬಗ್ಗೆ ನನಗಂತೂ ಭರವಸೆಯಿಲ್ಲ.

ಕೊಳ್ಳುವ ಮೊದಲು ಎರಡೂ ಮನೆಗೆ ಬೇರೆ ಬೇರೆ ವಿದ್ಯುತ್ ಮೀಟರ್ ಇದೆಯೇ, ಸಂಪಿನ ಮೋಟಾರಿನ ವೈರು ಯಾವ ಮೀಟರಿಗೆ ಸೇರಿದೆ ಎಂದು ನೋಡಿ. ಮೋಟಾರ್ ಕೆಳಗಿನ ಮನೆಯ ಮೀಟರಿನಲ್ಲಿ ಓಡಿ, ನೀರು ಮೇಲಿನವರಿಗೂ ಹೋಗುತ್ತಿದ್ದರೆ ತಿಂಗಳು ತಿಂಗಳೂ ನೀವೇ ಪಂಚಾಯಿತಿ ಮಾಡಬೇಕಾಗುತ್ತದೆ. ಸ್ನಾನದ ಮನೆಯ ಹೊರಗೋಡೆಯಲ್ಲಿ ತೇವ ಕಂಡರೆ ಬೆಲೆ ಇಳಿಸಲು ಕೇಳಿ. ಬಾಡಿಗೆದಾರರ ಅಡ್ವಾನ್ಸ್ ನಾಳೆ ಹಿಂದಿರುಗಿಸಬೇಕಾದ ಹಣ, ಅದನ್ನು ಕಂತಿಗೆ ಮುಟ್ಟದೆ ಠೇವಣಿಯಲ್ಲಿಡಿ. ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿದುಕೊಳ್ಳುತ್ತೀರೆಂಬುದನ್ನೂ ಕರಾರಿನಲ್ಲೇ ಬರೆಸಿ, ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಉತ್ತರ 3 (ವಕೀಲ)

ಹೊರವಲಯ ಎಂದಿರುವುದರಿಂದ ಕೃಷಿ ಜಮೀನನ್ನು ವಸತಿಗೆ ಬದಲಿಸಿದ ಭೂಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ ಮತ್ತು ಇ-ಖಾತೆಯನ್ನು (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಮೊದಲು ಕೇಳಿ. ನಿಯಮ ಮೀರಿದ ಆಸ್ತಿಗೆ ಕೊಡುವ ಬಿ-ಖಾತೆಯಾದರೆ ಬ್ಯಾಂಕಿನ ಸಾಲವೇ ಕಷ್ಟ. ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೇಲೆ ಮಾರುತ್ತೇವೆಂದರೆ ಮಾತು ಮುಂದುವರಿಸಬೇಡಿ. ಅದರಿಂದ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೀವು ಕೊಡುವ ಬಾಡಿಗೆ ಕರಾರು 11 ತಿಂಗಳದ್ದಾಗಿರಲಿ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರದಲ್ಲಿ (ಇಸಿ) ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಮೇಲಿನ ಮನೆಯವರು ಐದಾರು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಲೀಸಿಗೆ ಕುಳಿತಿದ್ದು, ಆ ಕಾಗದ ಬರೀ ನೋಟರಿಯಾಗಿದ್ದರೆ ಅದು ಯಾವ ದಾಖಲೆಯಲ್ಲೂ ಬಾರದು. ಕ್ರಯವಾದ ಮೇಲೆ ಅವರು ಹಣ ಕೇಳುವುದು ನಿಮ್ಮನ್ನೇ. ಆದ್ದರಿಂದ ಮುಂಗಡ ಕೊಡುವ ಮೊದಲು ಬ್ರೋಕರ್ ಇಲ್ಲದೆ ಇಬ್ಬರು ಬಾಡಿಗೆದಾರರನ್ನೂ ಭೇಟಿಯಾಗಿ, ಕೊಡುತ್ತಿರುವುದು ಬಾಡಿಗೆಯೋ ಲೀಸೋ, ಅಡ್ವಾನ್ಸ್ ಎಷ್ಟು ಎಂಬುದನ್ನು ಕೇಳಿ ತಿಳಿದು, ಆ ಮೊತ್ತವನ್ನು ಕ್ರಯದ ಹಣದಲ್ಲಿ ಮುರಿದುಕೊಳ್ಳುವ ಷರತ್ತನ್ನು ಮಾರಾಟದ ಕರಾರಿನಲ್ಲೇ ಸೇರಿಸಿ.