ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುವವರ ಪ್ರಶ್ನೆಗಳು: ನಿವೃತ್ತ ಪಿಡಿಒ ಒಬ್ಬರ ಉತ್ತರಗಳು

ಪ್ರಶ್ನೆ (ಅರಕಲಗೂಡು ತಾಲ್ಲೂಕಿನ ಮಹಿಳೆಯೊಬ್ಬರು): ನಮಸ್ಕಾರ ಸರ್. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ನಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕಪತ್ರವನ್ನು ನಾನೇ ನೋಡಿಕೊಳ್ಳುತ್ತೇನೆ. ಈ ಸಲ ಪಂಚಾಯಿತಿಗೆ ನಿಲ್ಲಬೇಕೆಂದು ಸಂಘದ ಹೆಂಗಸರೆಲ್ಲ ಒತ್ತಾಯಿಸುತ್ತಿದ್ದಾರೆ. ನನ್ನ ಓದು ಸಾಕಾಗುತ್ತದೆಯೆ? ಮಹಿಳೆಯರಿಗೆ ಮೀಸಲಾದ ಸ್ಥಾನಕ್ಕೆ ಮಾತ್ರವೇ ನಾನು ನಿಲ್ಲಬೇಕೆ? ನಮ್ಮ ಯಜಮಾನರು ಪಂಚಾಯಿತಿಯ ಪೈಪ್‌ಲೈನ್, ಚರಂಡಿ ಕೆಲಸಗಳನ್ನು ಗುತ್ತಿಗೆಗೆ ಹಿಡಿದು ಮಾಡಿಸುತ್ತಾರೆ. ಅದರಿಂದ ನನಗೆ ತೊಂದರೆಯಾಗಬಹುದೆ?

ಉತ್ತರ: ನಮಸ್ಕಾರ ಅಮ್ಮ. ಮೊದಲು ಕಾರ್ಯದರ್ಶಿಯಾಗಿ, ಆಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ (ಪಿಡಿಒ) ಕೆಲಸ ಮಾಡಿ ನಿವೃತ್ತನಾದವನು ನಾನು. ಆ ಅನುಭವದ ಮೇಲೆ ಹೇಳುತ್ತೇನೆ.

ಓದಿನ ವಿಚಾರದಲ್ಲಿ ಸ್ವಲ್ಪವೂ ಅಳುಕು ಬೇಡ. ಹರಿಯಾಣ ರಾಜ್ಯವು 2015ರಲ್ಲಿ ಪಂಚಾಯಿತಿ ಅಭ್ಯರ್ಥಿಗಳಿಗೆ ಶೈಕ್ಷಣಿಕ ಅರ್ಹತೆಯನ್ನು ಕಡ್ಡಾಯ ಮಾಡಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ರಾಜ್ಯದಲ್ಲಿ ಅಂತಹ ನಿಯಮವಿಲ್ಲ. ಇಪ್ಪತ್ತೊಂದು ವರ್ಷ ತುಂಬಿರಬೇಕು, ನಿಮ್ಮ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಲ್ಲಿ ಹೇಳಿರುವ ಅನರ್ಹತೆಗಳಾವುವೂ ಇರಬಾರದು. ಮನೆಯವರ ಬಳಕೆಗೆ ಶೌಚಾಲಯ ಇರಬೇಕೆಂಬುದೂ ಆ ಕಾನೂನಿನಲ್ಲೇ ಇದೆ. ಸಂಘದ ಉಳಿತಾಯ, ಸಾಲ, ಬಡ್ಡಿಗಳ ಲೆಕ್ಕವನ್ನು ತಾವು ಇಷ್ಟು ದಿನ ಬರೆದುಕೊಂಡು ಬಂದಿದ್ದೀರಿ. ಪಂಚಾಯಿತಿಯ ಜಮಾ-ಖರ್ಚಿನ ತಃಖ್ತೆ ತಮ್ಮ ಕಣ್ಣಿಗೆ ಹೊಸದಾಗಿ ಕಾಣುವುದಿಲ್ಲ ಎಂದು ನಾನು ಭರವಸೆಯಿಂದ ಹೇಳಬಲ್ಲೆ.

ನಮ್ಮ ರಾಜ್ಯದಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಹಾಗೆಂದು ಮಹಿಳೆ ಅಲ್ಲಿಗೇ ನಿಲ್ಲಬೇಕೆಂದೇನಿಲ್ಲ, ಸಾಮಾನ್ಯ ಸ್ಥಾನಕ್ಕೂ ಧಾರಾಳವಾಗಿ ನಿಲ್ಲಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ‘ಅ’, ‘ಬ’ ವರ್ಗಗಳ ಮೀಸಲು ಸ್ಥಾನಕ್ಕಾದರೆ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಬೇಕು. ಚುನಾವಣೆ ಘೋಷಣೆಯಾದ ಮೇಲೆ ನಾಡಕಚೇರಿಯಲ್ಲಿ ಜನ ಮುಗಿಬೀಳುತ್ತಾರೆ, ಆದುದರಿಂದ ಆ ಪತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಿ.

ತಮ್ಮ ಯಜಮಾನರ ಗುತ್ತಿಗೆಯ ವಿಚಾರವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಪಂಚಾಯಿತಿ ಮಾಡಿಸುವ ಕೆಲಸದಲ್ಲಿ ಅಥವಾ ಅದರೊಂದಿಗಿನ ಕರಾರಿನಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಅಥವಾ ಹಿತಾಸಕ್ತಿ ಉಳ್ಳವರು ಸದಸ್ಯರಾಗಲು ಅನರ್ಹರು. ಗುತ್ತಿಗೆ ಗಂಡನ ಹೆಸರಿನಲ್ಲಿದೆ, ನನ್ನ ಹೆಸರಿನಲ್ಲಿಲ್ಲ ಎಂದು ತಾವು ವಾದಿಸಬಹುದು. ಆದರೆ ಒಂದೇ ಒಲೆಯ ಸಂಸಾರದಲ್ಲಿ ಆ ಬಿಲ್ಲಿನ ಹಣ ಮನೆಗೇ ಬರುತ್ತದೆ ಎಂದು ಎದುರಾಳಿ ಆಕ್ಷೇಪಣೆ ಎತ್ತಿದರೆ, ನಾಮಪತ್ರ ಪರಿಶೀಲನೆಯ ದಿನ ಅಲ್ಲದಿದ್ದರೂ ಗೆದ್ದ ಮೇಲೆ ನ್ಯಾಯಾಲಯದಲ್ಲಿ ತಾವು ಉತ್ತರ ಹೇಳಬೇಕಾದೀತು. ಹಿಡಿದಿರುವ ಕೆಲಸಗಳನ್ನು ಮುಗಿಸಿ, ಅಳತೆ ಪುಸ್ತಕದಲ್ಲಿ ದಾಖಲು ಮಾಡಿಸಿ, ಬಿಲ್ ಪಾವತಿಯಾದುದಕ್ಕೆ ದಾಖಲೆ ಇಟ್ಟುಕೊಂಡು, ಹೊಸ ಕೆಲಸ ಹಿಡಿಯದಿರುವುದೇ ಸರಿಯಾದ ದಾರಿ. ಕಾಗದಪತ್ರಗಳನ್ನೆಲ್ಲ ತಾಲ್ಲೂಕು ಕೇಂದ್ರದ ವಕೀಲರೊಬ್ಬರಿಗೆ ತೋರಿಸಿ ಅಭಿಪ್ರಾಯವನ್ನೂ ಪಡೆಯಿರಿ. ತಾವು ಗೆದ್ದ ಮೇಲೂ ಆ ಪಂಚಾಯಿತಿಯ ಕೆಲಸ ಅವರಿಗೆ ಬೇಡ. ಅವರ ಸಂಪಾದನೆಗೆ ಬೇರೆ ಪಂಚಾಯಿತಿಗಳಿವೆ. ಈ ಮಾತನ್ನು ಮನೆಯಲ್ಲಿ ಈಗಲೇ ಆಡಿ ತೀರ್ಮಾನಿಸಿಕೊಳ್ಳಿ.

ಅದೇ ಮಹಿಳೆ: ತುಂಬಾ ಉಪಕಾರವಾಯಿತು ಸರ್. ನಾಮಪತ್ರ ಸಲ್ಲಿಸುವಾಗ ಏನೇನು ಎಚ್ಚರ ವಹಿಸಬೇಕು?

ಉತ್ತರ: 2020ರಲ್ಲಿ ಠೇವಣಿ ಸಾಮಾನ್ಯ ವರ್ಗದವರಿಗೆ 200 ರೂಪಾಯಿ, ಮಹಿಳೆಯರಿಗೂ ಮೀಸಲು ವರ್ಗಗಳಿಗೂ 100 ರೂಪಾಯಿ ಇತ್ತು. ಹಣದಿಂದ ಯಾರಿಗೂ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ಕಾಗದದ ಸಣ್ಣ ಲೋಪಗಳಿಂದ. ಪರಿಶೀಲನೆಯ ಮೇಜಿನ ಪಕ್ಕದಲ್ಲಿ ಕುಳಿತು ನಾನು ಹೆಚ್ಚಾಗಿ ಕಂಡ ಲೋಪವೆಂದರೆ ಸೂಚಕರದು, ಅಂದರೆ ಅಭ್ಯರ್ಥಿಯ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರದು: ಅಭ್ಯರ್ಥಿ ತನ್ನ ಆಪ್ತರೊಬ್ಬರಿಂದ ಸಹಿ ಹಾಕಿಸಿಕೊಂಡು ಬಂದಿರುತ್ತಾರೆ, ಆ ಆಪ್ತರ ಮನೆ ಊರೊಳಗೇ ಇದ್ದರೂ ಅವರ ಹೆಸರು ರಸ್ತೆಯ ಆಚೆಬದಿಯ ವಾರ್ಡಿನ ಪಟ್ಟಿಯಲ್ಲಿರುತ್ತದೆ. ಸೂಚಕರು ತಾವು ಸ್ಪರ್ಧಿಸುವ ಕ್ಷೇತ್ರದ ಮತದಾರರೇ ಆಗಿರಬೇಕು. ಅಂತಿಮ ಪಟ್ಟಿಯ ಪ್ರತಿಯನ್ನು ಕೊಂಡು, ತಮ್ಮ ಮತ್ತು ಸೂಚಕರ ಭಾಗಸಂಖ್ಯೆ, ಕ್ರಮಸಂಖ್ಯೆಗಳನ್ನು ಬೆರಳಿಟ್ಟು ನೋಡಿ ನಾಮಪತ್ರದಲ್ಲಿ ಬರೆಯಿರಿ. ಪಟ್ಟಿಯಲ್ಲಿ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಪಟ್ಟಿಯಲ್ಲಿರುವಂತೆಯೇ ಬರೆಯಬೇಕು.

ಮನೆ ಕಂದಾಯ, ನೀರಿನ ಕರದ ಬಾಕಿಯನ್ನು ತೀರಿಸಿ, ಬಿಲ್ ಕಲೆಕ್ಟರ್‌ರಿಂದ ರಸೀದಿ ಪಡೆದಿಡಿ. ರಾಜ್ಯ ಚುನಾವಣಾ ಆಯೋಗ ಕೇಳುವ ಘೋಷಣಾ ಪತ್ರದಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡದೆ, ಅನ್ವಯಿಸದ ಕಡೆ ‘ಇಲ್ಲ’ ಎಂದು ಬರೆಯಿರಿ. ಕೊನೆಯ ದಿನದವರೆಗೆ ಕಾಯಬೇಡಿ. ಒಳ್ಳೆಯ ಮುಹೂರ್ತ ನೋಡಿಕೊಂಡು ಕೊನೆಯ ದಿನ ಮಧ್ಯಾಹ್ನ ಬಂದವರು ಸರತಿಯಲ್ಲಿ ನಿಂತಿರುವಾಗ ಕಾಗದವೊಂದು ಕಡಿಮೆ ಬಿದ್ದರೆ, ಊರಿಗೆ ಹೋಗಿ ತರಲು ಸಮಯವಿರುವುದಿಲ್ಲ.

ಪ್ರಶ್ನೆ (ಹೊಸದುರ್ಗ ತಾಲ್ಲೂಕಿನವರು, ಈಗ ಬೆಂಗಳೂರಿನಲ್ಲಿರುವವರು): ಸರ್, ನನ್ನ ಹೆಸರು ಬೆಂಗಳೂರಿನ ಮತದಾರರ ಪಟ್ಟಿಯಲ್ಲಿದೆ. ಊರಿನಲ್ಲಿ ತೋಟ, ಮನೆ, ಅಪ್ಪ ಅಮ್ಮ ಇದ್ದಾರೆ. ನಾನು ಊರಿನಲ್ಲಿ ಸ್ಪರ್ಧಿಸಬಹುದೆ?

ಉತ್ತರ: ಈಗಿರುವ ಸ್ಥಿತಿಯಲ್ಲಿ ಸಾಧ್ಯವಿಲ್ಲ. ಜಮೀನು ಇದ್ದ ಮಾತ್ರಕ್ಕೆ ಮತದಾರನಾಗುವ ಹಕ್ಕು ಬರುವುದಿಲ್ಲ, ವಾಡಿಕೆಯಾಗಿ ಅಲ್ಲಿ ವಾಸವಾಗಿರಬೇಕು. ಪಂಚಾಯಿತಿಯ ಮತದಾರರ ಪಟ್ಟಿ ವಿಧಾನಸಭಾ ಪಟ್ಟಿಯ ಆಧಾರದ ಮೇಲೆಯೇ ತಯಾರಾಗುವುದರಿಂದ, ತಾವು ನಿಜವಾಗಿ ಊರಿಗೆ ಮರಳಿ ವಾಸಿಸುವುದಾದರೆ ನಮೂನೆ 8ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಿ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಅಪರಾಧ. ಕೇಳದಿದ್ದರೂ ಒಂದು ಮಾತು ಹೇಳಬೇಕೆನಿಸುತ್ತದೆ: ಬೋರ್‌ವೆಲ್ ಮೋಟಾರ್ ಸುಟ್ಟ ದಿನ ಜನ ಸದಸ್ಯರ ಮನೆ ಬಾಗಿಲಿಗೆ ಬರುತ್ತಾರೆ. ಆ ದಿನ ಮನೆಯಲ್ಲಿ ಸಿಗುವಂತಿದ್ದರೆ ಮಾತ್ರ ನಿಲ್ಲಿ.

ಪ್ರಶ್ನೆ (ಸಿಂಧನೂರು ತಾಲ್ಲೂಕಿನವರೊಬ್ಬರು): ಸರ್, ನಮ್ಮೂರಾಗ ಹಿರಿಯರು ಕೂಡಿ, ಗುಡಿಯ ಜೀರ್ಣೋದ್ಧಾರಕ್ಕೆ ಯಾರು ಹೆಚ್ಚು ಹಣ ಕೊಡುತ್ತಾರೋ ಅವರನ್ನು ಅವಿರೋಧವಾಗಿ ಆರಿಸೋಣ, ಊರಾಗ ಜಗಳ ಬೇಡ ಎನ್ನುತ್ತಿದ್ದಾರೆ. ನಿಲ್ಲಬೇಕೆಂದಿರುವ ನಾನು ಏನು ಮಾಡಲಿ?

ಉತ್ತರ: ಇದು ಸ್ಥಾನದ ಹರಾಜು. ಗುಡಿಯ ಹೆಸರು ಹೇಳಿದ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ. 2020ರ ಚುನಾವಣೆಯಲ್ಲಿ ರಾಜ್ಯದ ಹಲವು ಕಡೆಗಳಿಂದ ಇಂತಹ ಹರಾಜುಗಳ ವರದಿ ಬಂದಾಗ ರಾಜ್ಯ ಚುನಾವಣಾ ಆಯೋಗವು ಕ್ರಮಕ್ಕೆ ಆದೇಶಿಸಿತು. ಒಬ್ಬರು ಸ್ಪರ್ಧೆಯಿಂದ ಹಿಂದೆ ಸರಿಯಲೆಂದು ಹಣದ ಆಮಿಷ ಒಡ್ಡುವುದು ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಡಿ ಲಂಚವೇ ಆಗುತ್ತದೆ. ಯಾರ ಮೇಲೂ ಒತ್ತಡವಿಲ್ಲದೆ, ಬೇರೆ ಯಾರೂ ನಾಮಪತ್ರ ಹಾಕದೆ ಒಬ್ಬರು ಅವಿರೋಧವಾಗಿ ಆಯ್ಕೆಯಾದರೆ ಅದರಲ್ಲಿ ತಪ್ಪಿಲ್ಲ. ಆದರೆ ಹಣ ಕೊಟ್ಟು ಸ್ಥಾನ ಪಡೆದವರು ಆ ಹಣವನ್ನು ಮರಳಿ ಎಲ್ಲಿಂದ ತೆಗೆಯುತ್ತಾರೆ? ಮನೆ ಹಂಚಿಕೆಯ ಪಟ್ಟಿಯಿಂದ, ಕೂಲಿಯ ಹಾಜರಿ ಪಟ್ಟಿಯಿಂದ, ಚರಂಡಿಗೆ ಹಾಕಬೇಕಾದ ಸಿಮೆಂಟಿನಿಂದ. ಕೈಯಲ್ಲಿ ಹಣವಿಲ್ಲದ ಒಬ್ಬ ಕೂಲಿ ಹೆಣ್ಣುಮಗಳು ಆ ಊರಿನಲ್ಲಿ ಎಂದೂ ಸದಸ್ಯೆಯಾಗಲಾರಳು ಎಂಬುದು ನನಗೆ ಇನ್ನೂ ಹೆಚ್ಚು ನೋವಿನ ಸಂಗತಿ.

ಹಿರಿಯರೊಂದಿಗೆ ಜಗಳಕ್ಕೆ ಇಳಿಯಬೇಡಿ. ಗೌರವದಿಂದಲೇ, ‘ಗುಡಿಗೆ ನನ್ನ ಪಾಲಿನ ವಂತಿಗೆಯನ್ನು ಚುನಾವಣೆ ಮುಗಿದ ಮೇಲೆ ಕೊಡುತ್ತೇನ್ರಿ, ಆದರೆ ನಾಮಪತ್ರ ಹಾಕುತ್ತೇನೆ’ ಎಂದು ಹೇಳಿ. ಬೆದರಿಕೆ ಬಂದರೆ ತಹಶೀಲ್ದಾರರಿಗೂ ಚುನಾವಣಾಧಿಕಾರಿಗೂ ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ (ಶಿಕಾರಿಪುರ ತಾಲ್ಲೂಕಿನಿಂದ): ಪ್ರಚಾರದಲ್ಲಿ ಏನೆಂದು ಹೇಳಬೇಕು, ಸರ್? ಎಲ್ಲರೂ ರಸ್ತೆ, ನೀರು, ಮನೆ ಎಂದೇ ಹೇಳುತ್ತಾರೆ. ನಮ್ಮ ಕ್ಷೇತ್ರದಲ್ಲಿ ಮೂರು ಸ್ಥಾನಗಳಿವೆ. ಮತ ಕೇಳುವ ಕ್ರಮವೇ ನನಗೆ ತಿಳಿಯುತ್ತಿಲ್ಲ.

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ಬಹುತೇಕ ಅಭ್ಯರ್ಥಿಗಳು ಸದಸ್ಯರು ಏನು ಮಾಡಬಲ್ಲರು ಎಂಬುದನ್ನು ಗೆದ್ದ ಮೇಲೆ ತಿಳಿಯಲು ಹೊರಡುತ್ತಾರೆ. ಅದನ್ನು ನಿಲ್ಲುವ ಮೊದಲೇ ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಂಚಾಯಿತಿಗೆ ಹೋಗಿ ಹಿಂದಿನ ವರ್ಷದ ಕ್ರಿಯಾ ಯೋಜನೆಯ ಪ್ರತಿಯನ್ನು ಕೇಳಿ; ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ತಮ್ಮ ವಾರ್ಡಿನ ಹೆಸರಿನಲ್ಲಿ ಯಾವ ಕೆಲಸಕ್ಕೆ ಎಷ್ಟು ಹಣ ಇಟ್ಟಿದ್ದರು, ಅದು ನಡೆದಿದೆಯೆ ಎಂಬುದನ್ನು ಆ ಜಾಗಕ್ಕೇ ಹೋಗಿ ನೋಡಿ. ಹಣ ಎಲ್ಲಿಂದ ಬರುತ್ತದೆ, ಅದಕ್ಕೆ ಯಾವ ಕಟ್ಟುಪಾಡು ಇರುತ್ತದೆ ಎಂಬುದೂ ಗೊತ್ತಿರಬೇಕು. ಉದಾಹರಣೆಗೆ, 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಹಣದಲ್ಲಿ ಸಮುದಾಯ ಭವನ ಕಟ್ಟಿಸುತ್ತೇನೆಂದು ಮಾತು ಕೊಟ್ಟ ಸದಸ್ಯರು ಮಾತು ಉಳಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ. ಪಾವತಿ ಆಗುವುದು ಅಧ್ಯಕ್ಷರು ಮತ್ತು ಪಿಡಿಒ ಇಬ್ಬರೂ ಒಪ್ಪಿದ ಮೇಲೆ, ಅವರವರ ಡೋಂಗಲ್ (ಡಿಜಿಟಲ್ ಸಹಿಯ ಸಾಧನ) ಬಳಸಿ. ಸಾಮಾನ್ಯ ಸದಸ್ಯರ ಬಲ ಇರುವುದು ಸಾಮಾನ್ಯ ಸಭೆಯ ನಡಾವಳಿ ಪುಸ್ತಕದಲ್ಲಿ, ಸ್ಥಾಯಿ ಸಮಿತಿಗಳಲ್ಲಿ ಮತ್ತು ವಾರ್ಡ್ ಸಭೆಯಲ್ಲಿ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ನಡೆಯಬೇಕೆಂದು ಕಾನೂನು ಹೇಳುತ್ತದೆ. ‘ನಮ್ಮ ಓಣಿಯ ವಾರ್ಡ್ ಸಭೆಯನ್ನು ತಪ್ಪದೆ ಕರೆಯುತ್ತೇನೆ, ಫಲಾನುಭವಿಗಳ ಪಟ್ಟಿಯನ್ನು ಅಲ್ಲಿಯೇ ಎಲ್ಲರೆದುರು ಓದಿಸುತ್ತೇನೆ’ ಎಂಬುದು ಒಬ್ಬ ಸದಸ್ಯ ತನ್ನ ಕೈಯಳತೆಯೊಳಗೆ ಕೊಡಬಹುದಾದ ಮಾತು. ಸಾಧ್ಯವಿದ್ದರೆ ನೀರಗಂಟಿಯೊಂದಿಗೆ ಒಂದು ಬೆಳಗ್ಗೆ ಓಡಾಡಿ. ಯಾವ ವಾಲ್ವ್ ಸೋರುತ್ತದೆ, ಯಾವ ಕೊನೆಯ ನಾಲ್ಕು ಮನೆಗಳಿಗೆ ನೀರು ಏರುವುದಿಲ್ಲ ಎಂಬುದು ಅವನಿಗೆ ತಿಳಿದಷ್ಟು ಕಚೇರಿಯ ಯಾವ ಕಡತಕ್ಕೂ ತಿಳಿದಿರುವುದಿಲ್ಲ.

ಇನ್ನು ಮತದ ಲೆಕ್ಕ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಸ್ಥಾನಗಳು ನಿಗದಿಯಾಗುವುದರಿಂದ ಕ್ಷೇತ್ರ ಚಿಕ್ಕದು, ಗೆಲುವಿನ ಅಂತರವೂ ಚಿಕ್ಕದು. ಪಕ್ಷದ ಚಿಹ್ನೆ ಇಲ್ಲ. ಆಯೋಗದ ಮುಕ್ತ ಚಿಹ್ನೆಗಳಲ್ಲಿ ಒಂದು ಸಿಗುತ್ತದೆ. ಕ್ಷೇತ್ರದಲ್ಲಿ ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳನ್ನು ಒಬ್ಬ ಮತದಾರ ಹಾಕಬಹುದು, ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮತ. ಹೀಗಾಗಿ ಮನೆಬಾಗಿಲಿಗೆ ಹೋದಾಗ, ‘ನಿಮ್ಮ ಮೂರು ಮತಗಳಲ್ಲಿ ಒಂದು ನನಗಿರಲಿ’ ಎಂದು ಕೇಳಿದರೆ, ಈಗಾಗಲೇ ಇನ್ನೊಬ್ಬರಿಗೆ ಮಾತು ಕೊಟ್ಟವರ ಮನೆಯಲ್ಲೂ ತಮಗೆ ಜಾಗ ಸಿಗುತ್ತದೆ. ಯಾರನ್ನೂ ಹಳಿಯದೆ ಮತ ಕೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಯಾವ ಚುನಾವಣೆಯಲ್ಲೂ ಇಲ್ಲ.

2020ರಲ್ಲಿ ಬೀದರ್ ಜಿಲ್ಲೆಯಲ್ಲಿ ಮತಯಂತ್ರ, ಉಳಿದೆಡೆ ಮತಪತ್ರ ಬಳಕೆಯಾಯಿತು. ಮತಪತ್ರವಾದರೆ ತಿರಸ್ಕೃತ ಮತಗಳ ಬಗ್ಗೆ ಜನರಿಗೆ ತಿಳಿಸಿಕೊಡುವುದು ಅಭ್ಯರ್ಥಿಯ ಮುಖ್ಯ ಕೆಲಸ. ಎರಡು ಸ್ಥಾನದ ಕ್ಷೇತ್ರದಲ್ಲಿ ಮೂವರಿಗೆ ಮುದ್ರೆ ಒತ್ತಿದ ಮತಪತ್ರಗಳು, ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಮುದ್ರೆ ಬಿದ್ದ ಮತಪತ್ರಗಳು ಎಣಿಕೆಯ ಮೇಜಿನ ಮೇಲೆ ಬೇರೆ ಕಟ್ಟಾಗಿ ಸೇರುತ್ತವೆ, ಎಷ್ಟೋ ಕಡೆ ಆ ಕಟ್ಟು ಗೆಲುವಿನ ಅಂತರಕ್ಕಿಂತ ದಪ್ಪಗಿರುತ್ತದೆ. ಅಜ್ಜ ಅಜ್ಜಿಯರಿಗೆ ಮಾದರಿ ಕಾಗದದ ಮೇಲೆ ತೋರಿಸಿ ತಿಳಿಸಿ.

ಅರಕಲಗೂಡಿನ ಮಹಿಳೆ: ಗೆದ್ದ ಮೇಲೆ ಸಭೆಗೆ ನಾನೇ ಹೋಗಬೇಕೆ? ನಮ್ಮ ಕಡೆ ಯಜಮಾನರೇ ಹೋಗುವುದು ರೂಢಿ.

ಉತ್ತರ: ತಾವೇ ಹೋಗಬೇಕು. ಸದಸ್ಯೆಯ ಪತಿಗೆ ಸಭೆಯಲ್ಲಿ ಕೂರುವ ಹಕ್ಕಿಲ್ಲ, ಕೂರಿಸಿದರೆ ಅಧಿಕಾರಿಯದೂ ತಪ್ಪು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಮೂಲಕ ಹೊಸ ಸದಸ್ಯರಿಗೆ ತರಬೇತಿ ಇರುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಊರೂರಿಗೆ ಬೋರ್‌ವೆಲ್ ನೀರು ತಲುಪಿಸಿ ‘ನೀರ್ ಸಾಬ್’ ಎಂದು ಜನರಿಂದ ಕರೆಸಿಕೊಂಡ ಮಂತ್ರಿಯವರ ಹೆಸರು ಅದು. ಅಧ್ಯಕ್ಷರ ಆಯ್ಕೆಗೆ ಮುನ್ನ ಸದಸ್ಯರನ್ನು ಗುಂಪಾಗಿ ಪ್ರವಾಸಕ್ಕೆ ಕರೆದೊಯ್ಯುವ ಪರಿಪಾಠವಿದೆ, ಅದಕ್ಕೆ ಒಪ್ಪದೆ ಮನೆಯಲ್ಲೇ ಇದ್ದು ಆ ದಿನ ಸಭೆಗೆ ಬನ್ನಿ.

ಪ್ರಶ್ನೆ (ಶಿಕಾರಿಪುರದವರೇ): ಕೊನೆಯದಾಗಿ ಒಂದು, ಸರ್. ಒಂದೆರಡು ಮತಗಳಲ್ಲಿ ಸೋತರೆ ಏನು ಮಾಡಬಹುದು?

ಉತ್ತರ: ಫಲಿತಾಂಶ ಘೋಷಿಸುವ ಮೊದಲೇ, ಎಣಿಕೆಯ ಕೊಠಡಿಯಲ್ಲೇ, ಕಾರಣ ಬರೆದು ಮರು ಎಣಿಕೆಗೆ ಅರ್ಜಿ ಕೊಡಬೇಕು. ಅದಕ್ಕಾಗಿ ಎಣಿಕೆ ಏಜೆಂಟರಾಗಿ ಓದು ಬರಹ ಬಲ್ಲ, ಕೂಗಾಡದ ಒಬ್ಬರನ್ನು ನೇಮಿಸಿ. ಸಮಾನ ಮತ ಬಂದರೆ ಚೀಟಿ ಎತ್ತುತ್ತಾರೆ. ಘೋಷಣೆಯಾದ ಮೇಲೆ ಉಳಿಯುವುದು ಚುನಾವಣಾ ತಕರಾರು ಅರ್ಜಿ ಒಂದೇ. ಅದನ್ನು 30 ದಿನಗಳೊಳಗೆ ಸಿವಿಲ್ ನ್ಯಾಯಾಲಯದಲ್ಲಿ ಸಲ್ಲಿಸಬೇಕು. ಸಂವಿಧಾನದ 243-ಓ ವಿಧಿಯ ಪ್ರಕಾರ ಪಂಚಾಯಿತಿ ಚುನಾವಣೆಯನ್ನು ಬೇರೆ ರೀತಿಯಲ್ಲಿ ಪ್ರಶ್ನಿಸಲು ಬರುವುದಿಲ್ಲ. ಆದುದರಿಂದ ಮರು ಎಣಿಕೆಯ ಅರ್ಜಿಯ ಪ್ರತಿ, ಅದರ ಮೇಲೆ ಚುನಾವಣಾಧಿಕಾರಿ ಬರೆದ ಆದೇಶ, ಎಣಿಕೆಯ ಅಂಕಿಗಳ ಪಟ್ಟಿ ಇವನ್ನು ಅಂದೇ ಕೇಳಿ ಪಡೆದು, ವಕೀಲರ ಬಳಿಗೆ ಹೋಗುವಾಗ ಜೊತೆಯಲ್ಲಿ ಒಯ್ಯಿರಿ.