ಕುತ್ತಿಗೆಯಲ್ಲಿ ಎಲುಬು ಬೆಳೆದು ಬೆನ್ನುಹುರಿ ಒತ್ತಿದರೆ ಆಪರೇಷನ್ ಬೇಕಾ? ಗ್ರೂಪ್‌ನಲ್ಲಿ ಡಾಕ್ಟರ್ ಉತ್ತರ (ಬರೆದವರ ಹೆಸರಿನ ಬದಲು ಅವರ ಊರು ಹಾಕಿದೆ)

ಶಹಾಪುರ: ಡಾಕ್ಟರ್ ಸಾಹೇಬ್ರೆ, ನಮಸ್ಕಾರ. ನಮ್ಮವ್ವನಿಗೆ 58 ವರ್ಷ, ಶುಗರ್ ಇದೆ. ರೊಟ್ಟಿ ಬಡಿಯಲು ಕೈ ಓಡುತ್ತಿಲ್ಲ. ಚಪ್ಪಲಿ ಕಾಲಿಂದ ಜಾರಿ ಬಿದ್ದರೂ ಗೊತ್ತಾಗಲ್ಲ, ಹಾಗೇ ನಡೀತಾಳೆ. ನೋವೇನೂ ಜಾಸ್ತಿ ಇಲ್ಲ. ಎಂಆರ್‌ಐನಲ್ಲಿ ಓಪಿಎಲ್‌ಎಲ್ ಅಂತ ಬರೆದಿದ್ದಾರೆ. ಔಷಧಿಗೆ ಕರಗಲ್ವಾ?

ಡಾಕ್ಟರ್: ಕರಗಲ್ಲ. ಓಪಿಎಲ್‌ಎಲ್ ಅಂದರೆ ಇದೇ, ಕುತ್ತಿಗೆ ಮಣಿಗಳ ಹಿಂಬದಿಗೆ ಅಂಟಿಕೊಂಡ ಪಟ್ಟಿಯೇ (ಲಿಗಮೆಂಟ್) ಎಲುಬಾಗಿ ಬೆಳೆದು ಬೆನ್ನುಹುರಿಯನ್ನು ಒತ್ತುತ್ತಿದೆ. ನೋವಿಲ್ಲ ಅಂತ ಸುಮ್ನೆ ಇರಬೇಡಿ, ಆ ಚಪ್ಪಲಿ ಮಾತೇ ನನಗೆ ಚಿಂತೆ ಹಚ್ಚಿದ್ದು. ಸಿಟಿ ಸ್ಕ್ಯಾನ್ ಮಾಡಿಸಿ, ಬೆಳೆದ ಎಲುಬು ಅದರಲ್ಲೇ ಸರಿಯಾಗಿ ಕಾಣುತ್ತದೆ. ಕುತ್ತಿಗೆಯ ಬಾಗು ಚೆನ್ನಾಗಿದ್ದರೆ ಹಿಂದಿನಿಂದ ಲ್ಯಾಮಿನೋಪ್ಲಾಸ್ಟಿ ಮಾಡಬಹುದು. ಮಣಿಯ ಕಮಾನನ್ನು ಬಾಗಿಲಿನ ಹಾಗೆ ಒಂದು ಕಡೆ ತೆರೆದು ಹುರಿಗೆ ಜಾಗ ಮಾಡುತ್ತಾರೆ, 1970ರ ದಶಕದಲ್ಲಿ ಜಪಾನಿನ ಸರ್ಜನ್ನರು ಶುರು ಮಾಡಿದ್ದು. ಆದರೆ ಬೆಳೆದ ಎಲುಬು, ಹುರಿ ಹಾದುಹೋಗುವ ಕೊಳವೆಯ ಶೇ. 60ಕ್ಕಿಂತ ಜಾಸ್ತಿ ತುಂಬಿದ್ದರೆ ಅಥವಾ ಕುತ್ತಿಗೆ ಮುಂದಕ್ಕೆ ಬಾಗಿದ್ದರೆ ಅದು ಸಾಲದು, ಮುಂದಿನಿಂದ ತೆಗೆಯುವುದನ್ನು ಯೋಚಿಸಬೇಕು. ಅದು ಕಷ್ಟದ ಕೆಲಸ. ಹುರಿಯ ಪೊರೆಯೂ ಎಲುಬಿಗೆ ಅಂಟಿರುತ್ತದೆ, ಅದು ಹರಿದರೆ ಹುರಿಯ ಸುತ್ತಲಿನ ನೀರು ಸೋರುತ್ತದೆ. ಹಿಂದಿನಿಂದ, ಮುಂದಿನಿಂದ ಎರಡೂ ಆಪರೇಷನ್‌ನಲ್ಲಿ ಕೆಲವರಿಗೆ ಆಮೇಲೆ ಭುಜ ಎತ್ತಲು ಆಗಲ್ಲ, ಬಹಳಷ್ಟು ಜನರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಆಪರೇಷನ್ ಮುಖ್ಯವಾಗಿ ಇನ್ನಷ್ಟು ಕೆಡದಿರಲಿ ಅಂತ. ಹೋದ ಶಕ್ತಿಯೆಲ್ಲ ವಾಪಸ್ ಬರುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾಗದು. ಅಲ್ಲಿವರೆಗೆ ಬಚ್ಚಲಲ್ಲಿ ಜಾರಿ ಬೀಳದಂತೆ ನೋಡಿಕೊಳ್ಳಿ. ಸಣ್ಣ ಪೆಟ್ಟಿಗೂ ಕೈಕಾಲು ಹೋಗಬಹುದು.

ಆಳಂದ: ಖರ್ಚು ಎಷ್ಟು ಆಗುತ್ತೆ ಸರ್? ಆಯುಷ್ಮಾನ್ ಕಾರ್ಡ್ ನಡೆಯುತ್ತಾ?

ಬಸವಕಲ್ಯಾಣ: ಎಕ್ಕದ ಎಲೆ ಕಟ್ಟಿ, ಎಣ್ಣೆ ಹಚ್ಚಿ ಕುತ್ತಿಗೆ ತಿರುವಿದರೆ ಎಲುಬು ಕರಗುತ್ತದಂತೆ. ಫಾರ್ವರ್ಡ್ ಬಂದಿದೆ.

ಡಾಕ್ಟರ್: ತಿರುವಬೇಡಿ! ಕಟಿಂಗ್ ಅಂಗಡಿಯಲ್ಲೂ ಲಟಿಕೆ ಮುರಿಸಬೇಡಿ. ಇಂಥದ್ದನ್ನು ಇಲ್ಲಿ ಹಾಕಲೂಬೇಡಿ.

ಸುರಪುರ: ಇದೆಲ್ಲ ನಮ್ಮ ಬೋರ್ ನೀರಿಂದಲೇ. ಫ್ಲೋರೈಡ್!

ಸೇಡಂ: ಕುದಿಸಿ ಕುಡೀರಿ, ಮುಗೀತು.

ಸುರಪುರ: ಕುದಿಸಿದರೆ ಫ್ಲೋರೈಡ್ ಹೋಗಲ್ಲ ಅಣ್ಣ, ನೀರು ಆವಿಯಾಗಿ ಇನ್ನೂ ಜಾಸ್ತಿ ಆಗುತ್ತೆ.

ಸೇಡಂ: ನಮ್ಮಜ್ಜ ಅದೇ ನೀರು ಕುಡಿದು ಗಟ್ಟಿಯಾಗಿದ್ದ. ಸುಮ್ನೆ ಹೆದರಿಸಬೇಡ.

ಡಾಕ್ಟರ್: ಸುರಪುರದವರು ಹೇಳಿದ್ದು ಸರಿ, ಕುದಿಸಿ ಉಪಯೋಗವಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿಯಬಾರದು, ಫ್ಲೋರೈಡ್ ವಿಪರೀತವಾದರೆ ಪಟ್ಟಿಗಳು ಎಲುಬಾಗುತ್ತವೆ. ಆದರೆ ಅದೊಂದೇ ಕಾರಣವಲ್ಲ. ಶುಗರ್, ಬೊಜ್ಜು, ವಂಶ ಎಲ್ಲ ಇದೆ.

ಹುಮನಾಬಾದ್: ಸರ್, ಮಾತ್ರೆಯಿಂದ ಕರಗುತ್ತಾ?

ಡಾಕ್ಟರ್: ಮೇಲೆ ಓದಿ.

ಆಳಂದ: ಖರ್ಚು ಕೇಳಿದ್ದೆ, ಬಡವರಿಗೆ ಉತ್ತರ ಇಲ್ವಾ?

ಚಿತ್ತಾಪುರ: ನಮ್ಮ ಕಾಕಾಗೆ ಇದೇ ತೊಂದರೆ. ನಿನ್ನೆಯಿಂದ ಮೂತ್ರ ಕಟ್ಟಿದೆ, ಕಾಲು ಸೆಟೆದಿವೆ. ಸೋಮವಾರ ತೋರಿಸಿದರೆ ನಡೆಯುತ್ತಾ?

ಡಾಕ್ಟರ್: ಇಲ್ಲ, ಈಗಲೇ ಹೊರಡಿ. ಕುತ್ತಿಗೆ ಅಲ್ಲಾಡದಂತೆ ಮಲಗಿಸಿಕೊಂಡು ಹೋಗಿ. ಹಳೇ ಸ್ಕ್ಯಾನ್ ಫಿಲ್ಮ್ ಮರೆಯಬೇಡಿ.